ಕುರ್ಚಿಯ ಮೇಲಿನ ಐದರ ಕಲ್ಲು

ನಾನು ಐದು ಕಿಲೋ ತೂಕದ ಕಲ್ಲು. ಕಲ್ಲು ಎನ್ನುವುದು ಜನ ಇಟ್ಟ ಹೆಸರು. ನಾನು ಅಪ್ಪಟ ಕಬ್ಬಿಣ. ಇದನ್ನು ಮೊದಲೇ ಹೇಳಿಬಿಡದಿದ್ದರೆ ನನಗೆ ಸಮಾಧಾನವಿಲ್ಲ. ಹೇಳಿದ ಮೇಲೂ ಇಲ್ಲ, ಬಿಡಿ. ಇಟ್ಟಲ್ಲಿ ಇರಬೇಕಾದ ವಸ್ತುವಿಗೆ ಇಟ್ಟಲ್ಲಿ ಇರಲಾಗದ ಚಡಪಡಿಕೆಯನ್ನು ಯಾರು ಕೊಟ್ಟರೋ ಗೊತ್ತಿಲ್ಲ. ಯಾರಾದರೂ ಹತ್ತಿರ ಸುಳಿದರೆ ಸಾಕು, ಎತ್ತುತ್ತಾರೇನೋ ಎಂದು ಒಳಗೊಳಗೇ ತಯಾರಾಗುತ್ತೇನೆ.

ಬೆಳಗಾವಿಯ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಮರಳಿನ ಅಚ್ಚಿನೊಳಗೆ ಕೆಂಪಗೆ ಸುರಿದರು, ತಣ್ಣಗಾದ ಮೇಲೆ ಒಡೆದು ತೆಗೆದರು. ಆರು ಮೂಲೆ, ತಳದಲ್ಲೊಂದು ಸಣ್ಣ ಕುಳಿ. ಹುಟ್ಟಿದಾಗ ನಾನು ಪೂರ್ತಿ ಐದು ಕಿಲೋ ಇರಲಿಲ್ಲವಂತೆ. ಆ ಕುಳಿಗೆ ಕಾಯಿಸಿದ ಸೀಸ ಹುಯ್ದು ತೂಕ ಸರಿ ಮಾಡಿದರು, ಅದರ ಮೇಲೆ ಸರ್ಕಾರದ ಮುದ್ರೆ ಒತ್ತಿದರು. ಅಂದಿನಿಂದ ನನಗೆ ಗರ್ವ. ಅಳತೆಯಲ್ಲಿ ಸರ್ಕಾರವೇ ಒಪ್ಪಿದವನು ನಾನು.

ಅಲ್ಲಿಂದ ಬ್ಯಾಡಗಿಗೆ ಬಂದೆ. ಅಡತಿ ವ್ಯಾಪಾರಿ ಗುರುಸಿದ್ದಪ್ಪನವರ ಗೋದಾಮು. ನೆಲದಿಂದ ಜಂತಿಯವರೆಗೆ ಮೆಣಸಿನಕಾಯಿ ಚೀಲಗಳು. ಒಳಗೆ ಕಾಲಿಟ್ಟ ಹೊಸಬರು ಮಾತಾಡುವ ಮೊದಲು ಸೀನಬೇಕು. ಹಮಾಲ ಫಕೀರಪ್ಪ ದೊಡ್ಡ ಕಲ್ಲುಗಳನ್ನೆಲ್ಲ ತಕ್ಕಡಿಗೆ ಹಾಕಿ, ಕೊರತೆ ಬಿದ್ದದ್ದಕ್ಕೆ ಕಟ್ಟಕಡೆಯಲ್ಲಿ ನನ್ನನ್ನು ಇಡುತ್ತಿದ್ದ. ತಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಮುಳ್ಳು ಆ ಕಡೆ ಈ ಕಡೆ ಓಲಾಡುತ್ತಿತ್ತು. ಕೊಳ್ಳುವವರು ಅವಸರಿಸುತ್ತಿದ್ದರು.

“ಆತೇನಪಾ? ಎಷ್ಟೊತ್ತು?”

“ಮುಳ್ಳು ನಿಂದ್ರಲಿ ತಡೀರಿ,” ಎನ್ನುತ್ತಿದ್ದ ಫಕೀರಪ್ಪ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು.

ಆ ಕಾಯುವಿಕೆ ಎಂದರೆ ನನಗೆ ಪ್ರಾಣಸಂಕಟ. ತೂಗಿದ್ದಾಯಿತಲ್ಲ, ಇಳಿಸು, ಇನ್ನೊಂದು ಚೀಲ ತಾ ಎಂದು ಕೂಗಬೇಕೆನಿಸುತ್ತಿತ್ತು. ಫಕೀರಪ್ಪನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

ಮುಂದೆ ಕರೆಂಟಿನ ತಕ್ಕಡಿ ಬಂತು. ಕೆಂಪು ಅಂಕಿಗಳು ಪಕ್ಕನೆ ಮೂಡುವ ಯಂತ್ರ. ನನ್ನ ಅಣ್ಣಂದಿರನ್ನೆಲ್ಲ ಗುಜರಿಯವನು ಗಾಡಿಯಲ್ಲಿ ಹೇರಿಕೊಂಡು ಹೋದ. ನಾನು ಸಣ್ಣವನಾದ್ದರಿಂದ ಬಾಗಿಲಿಗೆ ಒತ್ತಾಗಿ ಉಳಿದೆ. ಗಾಳಿ ಬಂದಾಗಲೆಲ್ಲ ಬಾಗಿಲು ನನ್ನ ಬೆನ್ನಿಗೆ ಗುದ್ದುತ್ತಿತ್ತು, ನನ್ನಿಂದ ತಿರುಗಿ ಗುದ್ದಲಾಗುತ್ತಿರಲಿಲ್ಲ. ಸರ್ಕಾರದ ಮುದ್ರೆಯ ಮೇಲೆ ಇರುವೆಗಳು ಓಡಾಡಿದವು. ವರ್ಷಗಟ್ಟಲೆ ಹಾಗೇ ಬಿದ್ದಿದ್ದೆ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಊರಾಚೆ ಶೀತಲ ಗೋದಾಮುಗಳೆದ್ದ ಮೇಲೆ ಗುರುಸಿದ್ದಪ್ಪನವರ ಗೋದಾಮು ಖಾಲಿಯಾಯಿತು. ಅದನ್ನು ಬಾಡಿಗೆಗೆ ಹಿಡಿದವನು ದ್ಯಾಮಣ್ಣ. ಒಂದು ಕಾಲದಲ್ಲಿ ಹೆಸರು ಮಾಡಿದ ಪೈಲ್ವಾನ. ಮೊಣಕಾಲು ಉಳುಕಿದ್ದರೂ ಹಟಕ್ಕೆ ಬಿದ್ದು ಕುಸ್ತಿಗಿಳಿದು, ಆಮೇಲೆ ಕುಸ್ತಿಯನ್ನೇ ಕಳೆದುಕೊಂಡವನು. ಈಗ ಕುಂಟುತ್ತ ನಡೆಯುತ್ತಿದ್ದ, ಹೊಟ್ಟೆ ಚೆನ್ನಾಗಿ ಬಂದಿತ್ತು. ಬೆಳಗಿನ ಹೊತ್ತು ಗಂಡಸರು ಹೆಂಗಸರು ಕೂಡಿ ಬೆವರು ಹರಿಸುವ ‘ಫಿಟ್‌ನೆಸ್ ಕ್ಲಾಸ್’ ಒಂದನ್ನು ಅಲ್ಲಿ ಶುರು ಮಾಡಿದ. ನನಗೆ ಕಬ್ಬಿಣದ ಪಟ್ಟಿ ಬಿಗಿಸಿ, ಮೇಲೊಂದು ಹಿಡಿ ಹಾಕಿಸಿದ. ಸಂತೋಷವೇನೋ ಆಯಿತು. ಆದರೆ ಆ ಹಿಡಿಯ ಭಾರ ಸೇರಿ ನಾನೀಗ ಐದೂ ಅಲ್ಲ, ಆರೂ ಅಲ್ಲ! ಮುದ್ರೆ ಬಿದ್ದ ಮೈಗೆ ಇದೆಂಥ ಅವಮಾನ ಎಂದು ಬಹಳ ದಿನ ಕುದಿದೆ.

ಗೋದಾಮು ಖಾಲಿಯಾದರೂ ಖಾರ ಖಾಲಿಯಾಗಿರಲಿಲ್ಲ. ಗೋಡೆಯ ಬಿರುಕು, ನೆಲದ ಸಂದು, ಜಂತಿಯ ಮೇಲೆ ಎಲ್ಲೆಲ್ಲೂ ಮೆಣಸಿನಪುಡಿ ಕೂತಿತ್ತು. ಎಷ್ಟು ನೀರು ಚಿಮುಕಿಸಿದರೂ ಹತ್ತಾರು ಜನ ಒಟ್ಟಿಗೆ ಕುಣಿದರೆ ಅದು ಏಳುತ್ತಿತ್ತು. ಮೂಗಿನಲ್ಲಿ ಉಸಿರಾಡುವವರಿಗೆ ಒಂದೆರಡು ಸೀನು, ಅಷ್ಟೆ. ಬಾಯಿ ತೆರೆದು ಏದುಸಿರು ಬಿಡುವವರಿಗೆ ಗಂಟಲಿಗೇ ಖಾರ. ಹೀಗಾಗಿ ದ್ಯಾಮಣ್ಣನ ಮೊದಲ ಪಾಠವೇ ಇದು: “ಬಾಯಿ ಮುಚ್ಚಿ ಎಷ್ಟ ಆಗ್ತದ, ಅಷ್ಟ ಮಾಡ್ರಿ. ಬಾಯಿ ತಾನ ತೆರೀತಂದ್ರ, ನಿಂದ್ರಿ. ಉಸರ ಮೂಗಿಗೆ ತಿರಿಗಿ ಬರ್ಲಿ, ಆಮ್ಯಾಲೆ ಮತ್ತ ಶುರು ಮಾಡ್ರಿ.”

ಕಲ್ಲಿನ ಗುಂಡು ಎತ್ತುವುದು, ಬಸ್ಕಿ, ದಂಡ, ಅಂಗಳಕ್ಕೊಂದು ಸುತ್ತು ಓಟ, ಮತ್ತೆ ಮೊದಲಿನಿಂದ. ಎಲ್ಲರಿಗೂ ಕೆಲಸ ಅದೇ, ಆದರೆ ಅಳತೆ ಅವರವರದು. ದಂಡ ಬಾರದವರು ಗೋಡೆಗೆ ಕೈಕೊಟ್ಟು ಒತ್ತುತ್ತಿದ್ದರು, ಬಸ್ಕಿ ಆಗದವರು ಮೂಟೆಯ ಮೇಲೆ ಕೂತು ಏಳುತ್ತಿದ್ದರು, ಓಡಲಾಗದವರು ನಡೆಯುತ್ತಿದ್ದರು. ಗುಂಡು ಭಾರವಾದವರಿಗೆ ನಾನಿದ್ದೆ. ಅಲ್ಲಿದ್ದ ಭಾರಗಳಲ್ಲೆಲ್ಲ ಹಗುರದವನು ನಾನೇ.

ಇನ್ನೊಂದು ಪದ್ಧತಿಯನ್ನು ದ್ಯಾಮಣ್ಣ ಗರಡಿಮನೆಯಿಂದ ತಂದಿದ್ದ. ಕೊನೆಯವರು ಮುಗಿಸುವವರೆಗೆ ಮೊದಲು ಮುಗಿಸಿದವರು ಕೂರುವಂತಿಲ್ಲ. ನಿಂತು ಚಪ್ಪಾಳೆ ತಟ್ಟಬೇಕು. ಆಮೇಲೆ ಅವನು ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಗರಡಿಯ ಕೆಮ್ಮಣ್ಣನ್ನು ಎಲ್ಲರೂ ಒಟ್ಟಿಗೆ ಮುಟ್ಟಿ ಹಣೆಗಿಟ್ಟುಕೊಂಡು ಮನೆಗೆ ಹೋಗಬೇಕು. ಅಲ್ಲಿ ಸದಾ ಕೊನೆಗೆ ಮುಗಿಸುತ್ತಿದ್ದವಳು ಖಾನಾವಳಿಯ ಶಂಕ್ರವ್ವ. ನನ್ನನ್ನು ರೊಟ್ಟಿ ತಟ್ಟುವ ನಿಧಾನದಲ್ಲೇ ಎತ್ತುತ್ತಿದ್ದಳು, ಚಪ್ಪಾಳೆ ಬಿದ್ದರೆ ಮದುವಣಗಿತ್ತಿಯ ಹಾಗೆ ನಗುತ್ತಿದ್ದಳು. ನನಗೋ, ಬೇಗ ಎತ್ತು ತಾಯಿ, ನನ್ನ ಮರ್ಯಾದೆ ತೆಗೆಯಬೇಡ ಎನ್ನುವ ಸಂಕಟ.

ಅಂಥ ಕಡೆಗೆ ಮಂದಾಕಿನಿ ಬಂದಳು.

ಅವಳು ಸರ್ಕಾರಿ ಹೈಸ್ಕೂಲಿನ ದೈಹಿಕ ಶಿಕ್ಷಕಿ, ಗದಗಿನಿಂದ ವರ್ಗವಾಗಿ ಬಂದವಳು. ಹುಡುಗಿಯಾಗಿದ್ದಾಗ ಕಬಡ್ಡಿಯಲ್ಲಿ ಜಿಲ್ಲೆಯನ್ನೇ ನಡುಗಿಸಿದವಳಂತೆ. ಹಿಂದಿನ ವರ್ಷ ಹೊಟ್ಟೆಯಲ್ಲಿ ಹರ್ನಿಯಾ ಆಗಿ ಆಪರೇಷನ್ ಆಗಿತ್ತು. ಗಾಯ ಮಾಗಿದೆ, ಇನ್ನು ನಿಧಾನವಾಗಿ ವ್ಯಾಯಾಮ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಮತ್ತೆ ಹರಿದರೆ ಮತ್ತೆ ಕೊಯ್ಯಬೇಕು, ಆಮೇಲೆ ಆಟದ ಮೈದಾನವನ್ನು ಮರೆತುಬಿಡಿ ಎಂದೂ ಎಚ್ಚರಿಸಿದ್ದರು. ಅವಳಿಗೆ ಮೊದಲಿನ ಮಾತು ಕೇಳಿಸಿತ್ತು, ‘ನಿಧಾನವಾಗಿ’ ಎನ್ನುವುದೊಂದನ್ನು ಬಿಟ್ಟು.

ಅವಳ ಅವಸರಕ್ಕೆ ಕಾರಣ ಒಂದು ಕುರ್ಚಿ. ಹೆಡ್‌ಮಾಸ್ತರ ಹಾದಿಮನಿ ಸರ್ ಕನಿಕರದಿಂದ ಮೈದಾನದ ಬೇವಿನ ಮರದ ಕೆಳಗೆ ಅವಳಿಗಾಗಿ ಒಂದು ಕುರ್ಚಿ ಹಾಕಿಸಿದ್ದರು. ಅದರಲ್ಲಿ ಕೂತು ಸೀಟಿ ಊದುವುದಷ್ಟೇ ಅವಳ ಕೆಲಸವಾಗಿತ್ತು. ಹುಡುಗಿಯರು ತಮ್ಮಷ್ಟಕ್ಕೆ ಆಡುತ್ತಿದ್ದರು. ತಪ್ಪು ಹೆಜ್ಜೆ ಹಾಕಿದಾಗ ಎದ್ದು ಹೋಗಿ ತೋರಿಸಲು ಅವಳಿಗಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಶಾಲೆಯ ಕ್ರೀಡಾಕೂಟ. ಪಂಜು ಹಿಡಿದು ಮೈದಾನ ಸುತ್ತುವ ಮೊದಲ ಓಟವನ್ನು ದೈಹಿಕ ಶಿಕ್ಷಕರೇ ಮಕ್ಕಳ ಜೊತೆ ಓಡುವುದು ಆ ಶಾಲೆಯ ರೂಢಿ. ಅಷ್ಟರೊಳಗೆ ಆ ಕುರ್ಚಿ ಅಲ್ಲಿಂದ ಏಳಬೇಕು, ತಾನು ಓಡಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಮೊದಲ ದಿನ ದ್ಯಾಮಣ್ಣ ನನ್ನನ್ನು ಅವಳ ಕಾಲಬಳಿ ತಂದಿಟ್ಟ.

“ಇದೇನ್ರಿ? ನನಗ ಮುದುಕ್ಯಾರ ಕಲ್ಲು ಕೊಡ್ತೀರೇನು?”

“ಮೊದಲ ಸಲಾನ ರೀ ಅಕ್ಕೋರ, ನಾಕ ದಿನ ಇದ ಇರ್ಲಿ.”

“ನಾ ಕಬಡ್ಡಿ ಆಡಿದಾಕಿ ರೀ,” ಎಂದು ಅವಳು ಕಾಲಿನಿಂದಲೇ ನನ್ನನ್ನು ಆಚೆ ಸರಿಸಿದಳು. ಗೋಡೆ ಬದಿಗಿದ್ದ ಹಿರಿಯ ಗುಂಡನ್ನು ಎತ್ತಿಕೊಂಡಳು.

ನನಗೆ ಎಂಥ ಉರಿ ಹತ್ತಿರಬೇಡ! ಆದರೂ ಒಂದು ಮಾತು ಒಪ್ಪಲೇಬೇಕು, ಅವಳನ್ನು ನೋಡಿ ಖುಷಿಯೂ ಆಯಿತು. ದ್ಯಾಮಣ್ಣ ಶುರು ಎಂದನೋ ಇಲ್ಲವೋ, ಅವಳು ಬಾಣದ ಹಾಗೆ ಹೊರಟಳು. ಎತ್ತಿದ್ದೇನು, ಬಸ್ಕಿ ಹೊಡೆದದ್ದೇನು, ಅಂಗಳ ಸುತ್ತಿ ಬಂದದ್ದೇನು! ಮೊದಲ ಸುತ್ತು ಮುಗಿಸಿದಾಗ ಶಂಕ್ರವ್ವ ಇನ್ನೂ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ನೋಡಿ, ಹೀಗಿರಬೇಕು ಎಂದು ನಾನು ಮೂಲೆಯಲ್ಲೇ ಕುಣಿದೆ.

“ಅಕ್ಕೋರ, ಬಾಯಿ!” ಎಂದು ದ್ಯಾಮಣ್ಣ ಕೂಗಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯ ಸುತ್ತಿನಲ್ಲಿ ಗುಂಡು ಎತ್ತುವಾಗ ಅವಳ ಬಾಯಿ ತೆರೆಯಿತು. ನೆಲದಿಂದ ಎದ್ದ ಖಾರ ನೇರ ಗಂಟಲಿಗೆ ಇಳಿಯಿತು. ಕೆಮ್ಮು ಶುರುವಾಯಿತು ನೋಡಿ, ನಿಲ್ಲುವ ಲಕ್ಷಣವೇ ಇಲ್ಲ. ಒಂದೊಂದು ಕೆಮ್ಮಿಗೂ ಹೊಟ್ಟೆ ಎಗರುತ್ತಿತ್ತು. ಗುಂಡು ಕೈಯಿಂದ ಜಾರಿತು; ಅವಳು ಎರಡೂ ಕೈಗಳಿಂದ ಕಿಬ್ಬೊಟ್ಟೆ ಅವುಚಿಕೊಂಡು ಮಂಡಿಯೂರಿ ಕೂತಳು. ಶಂಕ್ರವ್ವ ಓಡಿ ಬಂದು ಒದ್ದೆ ಟವೆಲನ್ನು ಅವಳ ಮೂಗಿಗೆ ಹಿಡಿದಳು. ಆ ಹೆಂಗಸು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹರೀತೇನೋ…” ಎಂದಳು ಮಂದಾಕಿನಿ. ಆ ಒಂದು ಮಾತಿನಲ್ಲಿದ್ದ ಹೆದರಿಕೆ ನನ್ನ ಕಬ್ಬಿಣವನ್ನೂ ತಣ್ಣಗೆ ಮಾಡಿತು.

ದೇವರು ದೊಡ್ಡವನು, ಹರಿದಿರಲಿಲ್ಲ. ಸ್ನಾಯು ಉಳುಕಿತ್ತಷ್ಟೆ. ಡಾಕ್ಟರು ಬೈದು, ಮನೆಯಲ್ಲಿ ಮಲಗಿಸಿ, ಕೊನೆಗೆ ಒಪ್ಪಿಗೆ ಕೊಟ್ಟು ಕಳಿಸಿದರು. ಅವಳು ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದಳು. ಯಾರ ಮುಖವನ್ನೂ ನೋಡದೆ ನೇರ ನನ್ನ ಬಳಿ ಬಂದು ಹಿಡಿಗೆ ಕೈ ಹಾಕಿದಳು. ಅಂಗೈ ಬೆವರಿತ್ತು. ಸೋತು ಬಂದವಳ ಕೈ ಎಂದು ನನಗೆ ತಕ್ಷಣ ತಿಳಿಯಿತು, ನನಗೂ ಒಂದು ರೀತಿ ಅಳು ಬಂತು. ಸೋತು ಅಲ್ಲ, ನಾನೇ ಬೇಕು ಎಂದು ಎತ್ತಿದ್ದರೆ ಚೆನ್ನಾಗಿತ್ತು.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಒದ್ದಾಡಿದ್ದೇ ಒದ್ದಾಡಿದ್ದು. ಅವಳು ಎತ್ತುವಳು, ಬೇಗ ಬೇಗ ಎತ್ತುವಳು. ತುಟಿ ಬಿರಿಯುವ ಹೊತ್ತಿಗೆ ಖಾರ ನಾಲಗೆಗೆ ತಾಗುವುದು. ನನ್ನನ್ನು ನೆಲಕ್ಕೆ ಕುಕ್ಕಿ ನಿಲ್ಲುವಳು. ನಿಂತಾಗ ಅವಳ ಕಾಲು ಸುಮ್ಮನಿರುತ್ತಿರಲಿಲ್ಲ, ಹೆಬ್ಬೆರಳು ನೆಲ ಕೆರೆಯುತ್ತಿತ್ತು. ನನಗೂ ಹಾಗೆಯೇ. ಏಳು, ಎತ್ತು, ಎಲ್ಲರೂ ಮುಂದೆ ಹೋದರು ನೋಡು ಎಂದು ಚಡಪಡಿಸುತ್ತಿದ್ದೆ. ಎಲ್ಲಕ್ಕಿಂತ ಅವಳನ್ನು ಚುಚ್ಚುತ್ತಿದ್ದದ್ದು ಕೊನೆಯ ಚಪ್ಪಾಳೆ. ಶಂಕ್ರವ್ವನೂ ಮುಗಿಸಿ, ಎಲ್ಲರೂ ತನ್ನೊಬ್ಬಳಿಗಾಗಿ ನಿಂತಿರುವುದು ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಒಂದು ಮುಂಜಾನೆ ಸಿಡಿದೇಬಿಟ್ಟಳು. “ಚಪ್ಪಾಳಿ ನಿಂದರ್ಸ್ರಿ! ನಾ ಏನ್ ಸಣ್ಣ ಕೂಸೇನು?”

ಶಂಕ್ರವ್ವ ಹಣೆಯ ಬೆವರು ಒರೆಸಿಕೊಂಡು ಕೇಳಿದಳು, “ಅಲ್ಲ ತಂಗಿ, ಸಾಲ್ಯಾಗ ನಿನ್ನ ಹುಡುಗ್ಯಾರ ಪೈಕಿ ಒಬ್ಬಾಕಿ ಹಿಂದ ಬೀಳ್ತಾಳಲ್ಲ, ಆಕಿಗೆ ಏನಂತಿ?”

“ನಿನ್ನಷ್ಟಕ್ಕ ಓಡವಾ, ನಾವು ಕಾಯ್ತೇವಿ ಅಂತೀನಿ.”

“ಹಂಗಾದ್ರ ಆಕಿಗೊಂದು ನ್ಯಾಯ, ನಿನಗೊಂದು ನ್ಯಾಯ ಏನು?”

ಮಂದಾಕಿನಿ ನನ್ನ ಹಿಡಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಳು. ನನಗೆ ಆಗ ಫಕೀರಪ್ಪ ನೆನಪಾದ. ತಕ್ಕಡಿ ಓಲಾಡುತ್ತಿರುವಾಗ ಓದಿದ ತೂಕ ಸುಳ್ಳು ತೂಕ. ಅಷ್ಟು ವರ್ಷ ತಟ್ಟೆಯ ಮೇಲೇ ಕೂತಿದ್ದ ನನಗೆ ಇದು ಹೊಳೆಯಬೇಕಾದರೆ ಒಬ್ಬ ಹೆಂಗಸು ಉಸಿರಿಗಾಗಿ ನಿಲ್ಲುವುದನ್ನು ನೋಡಬೇಕಾಯಿತು.

ಮಾರನೆಯ ದಿನ ಅವಳು ಮೊದಲ ಸುತ್ತನ್ನು ಬೇಕೆಂದೇ ಶಂಕ್ರವ್ವನ ಜೊತೆ ಹೊರಟಳು. ಹಲ್ಲು ಕಚ್ಚಿ ನಿಧಾನ ಮಾಡಿದಳು. ನಿಧಾನ ಮಾಡುವುದೇ ಅವಳಿಗೆ ಭಾರ ಎತ್ತುವುದಕ್ಕಿಂತ ಕಷ್ಟವಾಗಿತ್ತು. ಗೋಡೆಗೆ ಕೈಕೊಟ್ಟು ದಂಡ ಒತ್ತಿದಳು, ಅಂಗಳದಲ್ಲಿ ನಡೆದಳು. ಅಂದು ಖಾರ ಅವಳ ಗಂಟಲಿಗೆ ಇಳಿಯಲಿಲ್ಲ. ಕೊನೆಯ ಸುತ್ತಿನಲ್ಲಿ, ಮೊದಲು ಹಾರಾಡಿದ ಪಡ್ಡೆ ಹುಡುಗರೆಲ್ಲ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾಗ, ಅವಳು ನನ್ನನ್ನು ಮೊದಲ ಸುತ್ತಿನಲ್ಲಿ ಎತ್ತಿದ ಹದದಲ್ಲೇ ಎತ್ತಿದಳು.

“ಈಗ ಬಂತು ನೋಡ್ರಿ ಅಕ್ಕೋರ!” ಎಂದು ದ್ಯಾಮಣ್ಣ ಹಿಗ್ಗಿ, ಅಗಲಕ್ಕೆ ಬಾಯಿ ತೆರೆದು, ತಾನೇ ಕೆಮ್ಮತೊಡಗಿದ.

ಅಷ್ಟರಲ್ಲಿ ಹೊಸ ಮಾಲಿನ ಕಾಲ ಬಂತು. ಮೆಣಸಿನಕಾಯಿ ಮಾರುಕಟ್ಟೆಗೆ ಹೊಳೆಯಾಗಿ ಹರಿಯಿತು, ಗುರುಸಿದ್ದಪ್ಪನವರಿಗೆ ಗೋದಾಮು ಬೇಕಾಯಿತು. ದ್ಯಾಮಣ್ಣ ಕ್ಲಾಸು ನಿಲ್ಲಿಸಿ ಬೇರೆ ಜಾಗ ಹುಡುಕುತ್ತ ಹೊರಟ. ಹೋಗುವ ಮುಂಚೆ ಸಾಮಾನುಗಳನ್ನು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ಯಾವುದು ಬೇಕು ಎಂದು ಮಂದಾಕಿನಿಯನ್ನು ಕೇಳಿದಾಗ ಅವಳು ಹಿರಿಯ ಗುಂಡಿನ ಕಡೆ ಒಮ್ಮೆ ನೋಡಿದಳು.

“ಇದ ಇರ್ಲಿ,” ಎಂದು ನನ್ನನ್ನು ಎತ್ತಿಕೊಂಡಳು. ಈ ಸಲ ಅಂಗೈ ಬೆವರಿರಲಿಲ್ಲ.

ಹೀಗೆ ನಾನು ಶಾಲೆ ಸೇರಿದೆ. ಸ್ಕೂಟರಿನಿಂದ ಇಳಿಸಿದವಳೇ ನನ್ನನ್ನು ಆ ಕುರ್ಚಿಯ ಮೇಲೆ ಕೂರಿಸಿದಳು. “ಇನ್ಮ್ಯಾಲೆ ನೀ ಕೂಡು,” ಎಂದಳು. ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ಹಾದಿಮನಿ ಸರ್ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿ ಆಫೀಸಿನ ಕಡೆ ನಡೆದರು.

ಕ್ರೀಡಾಕೂಟದ ದಿನ ಬಂತು. ಬಣ್ಣದ ಕಾಗದದ ತೋರಣ, ಧ್ವನಿವರ್ಧಕ, ಊರಿನ ಹಿರಿಯರು, ಮಕ್ಕಳ ತಾಯಂದಿರು. ಕುರ್ಚಿಯ ಮೇಲೆ ಕೂತು ನಾನು ಎಲ್ಲವನ್ನೂ ನೋಡುತ್ತಿದ್ದೆ. ಕಬಡ್ಡಿ ತಂಡದ ನಾಯಕಿ ಹುಲಿಗೆವ್ವನ ಕೈಯಲ್ಲಿ ಪಂಜು, ಹಿಂದೆ ತಂಡದ ಹುಡುಗಿಯರು, ಅವರ ಪಕ್ಕದಲ್ಲಿ ಟ್ರ್ಯಾಕ್ ಪ್ಯಾಂಟು ತೊಟ್ಟ ಮಂದಾಕಿನಿ. ನನಗೆ ಒಂದೇ ಆತಂಕ. ಗೋದಾಮಿನಲ್ಲಿ ತಪ್ಪಿದರೆ ಎಚ್ಚರಿಸಲು ಖಾರವಿತ್ತು. ಈ ಬಯಲಿನಲ್ಲಿ ಇವಳಿಗೆ ಹೇಳುವವರು ಯಾರು?

ಸೀಟಿ ಬಿತ್ತು. ಜನ ಹೋ ಎಂದರು. ಆ ಕೂಗಿಗೆ ಹುಡುಗಿಯರಿಗೆ ರೆಕ್ಕೆ ಬಂತು, ಅವರ ಜೊತೆ ಅವಳಿಗೂ ಬಂತು. ಮೊದಲ ತಿರುವಿನವರೆಗೆ ಅವಳು ಹುಲಿಗೆವ್ವನಿಗೆ ಸರಿಸಮನಾಗಿ ಓಡಿದಳು. ಬೇಡ, ಬೇಡ, ಬೇಡ ಎಂದು ನಾನು ಕುರ್ಚಿಯ ಮೇಲೆ ಕಿರುಚಿಕೊಂಡೆ. ಎರಡನೆಯ ತಿರುವಿನಲ್ಲಿ ಅವಳ ಬಾಯಿ ತೆರೆಯಿತು, ಕೈ ಕಿಬ್ಬೊಟ್ಟೆಗೆ ಹೋಯಿತು.

ಆಗ, ಅಷ್ಟು ಜನರ ಕಣ್ಣೆದುರು, ಅವಳು ನಿಂತುಬಿಟ್ಟಳು.

ಜನರ ಕೂಗು ತಣ್ಣಗಾಯಿತು. ಹಾದಿಮನಿ ಸರ್ ಗಾಬರಿಯಾಗಿ ಕುರ್ಚಿಯ ಬಳಿಗೆ ಓಡಿ ಬಂದು, ನಾನಿರುವುದನ್ನೂ ಮರೆತು ಅದನ್ನು ಎಳೆದರು. ಕುರ್ಚಿ ವಾಲಿತು, ನಾನು ಜಾರುತ್ತ ಜಾರುತ್ತ ಅಂಚಿನಲ್ಲಿ ನಿಂತೆ. “ಮೇಡಂ, ಕೂಡ್ರಿ, ಕೂಡ್ರಿ!” ಎಂದು ಅವರು ಅಷ್ಟು ದೂರದಿಂದಲೇ ಕೂಗಿದರು.

ಅವಳು ಅತ್ತ ಕೈ ಮಾತ್ರ ಎತ್ತಿದಳು, ತಡೆಯಿರಿ ಎಂದು. ಸೊಂಟದ ಮೇಲೆ ಕೈಯಿಟ್ಟು, ತುಟಿ ಮುಚ್ಚಿ, ಮೂಗಿನಲ್ಲಿ ಉಸಿರೆಳೆದಳು. ಹೆಬ್ಬೆರಳು ನೆಲ ಕೆರೆಯುತ್ತಿದೆಯೇ ಎಂದು ನೋಡಿದೆ. ಕೆರೆಯುತ್ತಿರಲಿಲ್ಲ. ಮುಳ್ಳು ನಿಲ್ಲಲಿ, ತಡೆಯಿರಿ ಎಂದು ನಾನು ನನಗೇ ಹೇಳಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಕಾಯುವುದು ನನಗೆ ಶಿಕ್ಷೆ ಅನಿಸಲಿಲ್ಲ.

ಅವಳು ನಡೆಯತೊಡಗಿದಳು. ಹತ್ತು ಮಾರು ನಡೆದು, ನಿಧಾನವಾಗಿ ಓಡತೊಡಗಿದಳು. ಅಷ್ಟರಲ್ಲಿ ಹುಡುಗಿಯರು ಗುರಿ ಮುಟ್ಟಿಯಾಗಿತ್ತು. ಪಂಜಿನಿಂದ ದೊಡ್ಡ ದೀಪ ಹಚ್ಚುವುದಷ್ಟೇ ಬಾಕಿ. “ಹಚ್ಚವಾ,” ಎಂದರು ಯಾರೋ ಹಿರಿಯರು. ಹುಲಿಗೆವ್ವ ತಲೆಯಲ್ಲಾಡಿಸಿದಳು.

“ಇಲ್ರಿ. ಟೀಚರ್ ಬರ್ಲಿ.”

ತಂಡದವರೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟತೊಡಗಿದರು. ಯಾರು ಕಲಿಸಿದ್ದರು ಇವರಿಗೆ? ಗೋದಾಮಿನ ಗುಟ್ಟನ್ನು ಅವಳೇ ಕಲಿಸಿರಬೇಕು, ನನಗೆ ಗೊತ್ತಿಲ್ಲದ ಹಾಗೆ. ಆ ಚಪ್ಪಾಳೆಯ ನಡುವೆ ಮಂದಾಕಿನಿ ಬಂದಳು, ಎಲ್ಲರಿಗಿಂತ ಕೊನೆಗೆ, ಬಾಯಿ ಮುಚ್ಚಿಕೊಂಡು, ಕಣ್ಣು ತುಂಬಿಕೊಂಡು. ಈ ಸಲ ಚಪ್ಪಾಳೆ ನಿಲ್ಲಿಸಿ ಎಂದು ಅವಳು ಹೇಳಲಿಲ್ಲ. ಹುಲಿಗೆವ್ವನ ಕೈಯ ಮೇಲೆ ಕೈಯಿಟ್ಟು ದೀಪ ಹಚ್ಚಿದಳು.

ಆಮೇಲೆ ನೇರವಾಗಿ ಬೇವಿನ ಮರದ ಕಡೆಗೆ ಬಂದಳು. ಹಾದಿಮನಿ ಸರ್ ಇನ್ನೂ ಕುರ್ಚಿ ಹಿಡಿದೇ ನಿಂತಿದ್ದರು, ಕೊಡಬೇಕೋ ಮುಚ್ಚಿಡಬೇಕೋ ತಿಳಿಯದೆ. ಅವಳು ಒಂದೇ ಕೈಯಲ್ಲಿ ನನ್ನನ್ನು ಎತ್ತಿ, ನೆಲಕ್ಕಿಟ್ಟು, ಕುರ್ಚಿಯಲ್ಲಿ ಆರಾಮಾಗಿ ಕೂತಳು.

“ಕುರ್ಚಿ ಛಲೋ ಐತ್ರಿ ಸರ್,” ಎಂದಳು. “ಇಲ್ಲೇ ಇರ್ಲಿ.”

ಉಸಿರು ತಿರುಗಿ ಬಂದ ಮೇಲೆ ಅವಳು ಎದ್ದಳು. ಕಬಡ್ಡಿ ಅಂಕಣಕ್ಕೆ ಹೋಗಿ, ಹೆಜ್ಜೆ ತಪ್ಪಿದ ಒಬ್ಬ ಹುಡುಗಿಗೆ ತಾನೇ ಬಾಗಿ ತೋರಿಸಿಕೊಟ್ಟಳು.

ಈಗ ನನಗೆ ವಯಸ್ಸಾಗಿದೆ. ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಇರುತ್ತೇನೆ. ಹಿಡಿ ತುಕ್ಕು ಹಿಡಿದಿದೆ, ತಳದ ಮುದ್ರೆ ಸವೆದು ಹೋಗಿದೆ. ಎಷ್ಟು ತೂಗುತ್ತೇನೋ ನನಗೇ ತಿಳಿಯದು, ಕೇಳುವವರೂ ಇಲ್ಲ. ಜ್ವರದಿಂದ ಎದ್ದ ಹುಡುಗಿಯೋ, ಹೊಸದಾಗಿ ಆಟಕ್ಕೆ ಸೇರಿದವಳೋ ಬಂದರೆ ಮಂದಾಕಿನಿ ನನ್ನನ್ನು ಹೊರಗೆ ತಂದು ಕೊಡುತ್ತಾಳೆ. ಇಷ್ಟೇನಾ ಎಂದು ಅವರು ಮುಖ ಸಿಂಡರಿಸುತ್ತಾರೆ. ನನಗೆ ಬೇಸರವಾಗುವುದಿಲ್ಲ.

ಚಡಪಡಿಕೆ ಹೋಗಿದೆ ಎಂದು ಮಾತ್ರ ತಿಳಿಯಬೇಡಿ. ಬೆಳಗಿನ ಸೀಟಿ ಕೇಳಿದರೆ ಈಗಲೂ ಮೈಯೆಲ್ಲ ಎದ್ದು ನಿಲ್ಲುತ್ತದೆ. ಕಿಟಕಿಯಿಂದ ಬೇವಿನ ಮರ ಕಾಣುತ್ತದೆ, ಅದರ ಕೆಳಗಿನ ಕುರ್ಚಿಯೂ ಕಾಣುತ್ತದೆ. ಅವಳು ಅದರಲ್ಲಿ ಕೂರುತ್ತಾಳೆ, ಏಳುತ್ತಾಳೆ, ಓಡುತ್ತಾಳೆ, ಮತ್ತೆ ಬಂದು ಕೂರುತ್ತಾಳೆ. ಅವಳು ಕೂತಾಗಲೆಲ್ಲ ನಾನು ಕಾಯುತ್ತೇನೆ. ಅವಳು ಏಳುತ್ತಾಳೆ ಎಂದು ನನಗೆ ಗೊತ್ತು.